ಸೊಸಾಯಿಟಿಯ ಲೆಕ್ಕವೂ ಗೃಹಸ್ಥನ ಪಾಸ್‌ಪುಸ್ತಕವೂ

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಮೇಲೆ, ಗಂಗಾವಳಿ ಹೊಳೆಯ ಕಣಿವೆಯಲ್ಲಿ, ಸುಂಕಸಾಳವೆಂಬ ಗ್ರಾಮವಿರುವದು. ಹೆಸರಿನಲ್ಲಿಯೇ ಸುಂಕವೆಂಬ ಶಬ್ದವನ್ನು ಹೊತ್ತ ಈ ಊರಿನಂಥ ಊರುಗಳಲ್ಲಿ ಗೃಹಸ್ಥನ ಸಂಪತ್ತೆಂದರೆ ತುಂಡು ಗದ್ದೆ, ನಾಲ್ಕು ಸಾಲು ಅಡಿಕೆಯ ಮರ, ಮನೆಯವರ ಮೈಮೇಲಿನ ಗುಂಜಿ ಬಂಗಾರ. ಅಡಿಕೆ ಮಾರಿದ ಹಣವು ವರ್ಷಕ್ಕೊಮ್ಮೆ ಕೈಗೆ ಬರುವದು. ಖರ್ಚು ಹನ್ನೆರಡು ತಿಂಗಳೂ ಇರುವದು. ಈ ಎರಡರ ನಡುವಿನ ಸೇತುವೆಯೇ ಪತ್ತಿನ ಸಹಕಾರಿ ಸಂಘ, ಅಂದರೆ ಜನರ ಬಾಯಲ್ಲಿ ‘ಸೊಸಾಯಿಟಿ’. ಉಳಿದುದನ್ನು ಅಲ್ಲಿ ಠೇವು ಇಡುವರು. ಸಾಲದಿದ್ದಾಗ ಅಲ್ಲಿಯೇ ಸಾಲ ತರುವರು.

ಹಾಗಾದರೆ ಈ ಸೊಸಾಯಿಟಿಯ ಕಪಾಟನ್ನು ಕಾಯುವವರು ಯಾರು? ವರ್ಷಕ್ಕೊಮ್ಮೆ ಕೈಯಲ್ಲಿ ಚೀಲ ಹಿಡಿದು, ಬಸ್ಸಿನಿಂದಿಳಿದು, ಎರಡು ಮೂರು ದಿನ ಕೀರ್ದಿ ಖಾತೆಗಳ ಮುಂದೆ ಕುಳಿತು ಹೋಗುವ ಒಬ್ಬ ತನಿಖೆಗಾರನನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅವನು ಚೇರಮನ್ನರ ಮತ್ತು ಕಾರ್ಯದರ್ಶಿಯ ಕೆಲಸಕ್ಕೆ ಬಂದವನೆಂದೂ, ನಮಗೂ ಅವನಿಗೂ ಸಂಬಂಧವಿಲ್ಲವೆಂದೂ ಜನರು ಭಾವಿಸುವರು. ಆದರೆ ಅವನು ಬಂದಿರುವದು ಠೇವುದಾರನ ಮತ್ತು ಸಾಲಗಾರನ ರಕ್ಷಣೆಗಾಗಿ. ಆ ಗೃಹಸ್ಥನ ಪಾಸ್‌ಪುಸ್ತಕವು ಗೃಹಸ್ಥನ ಕೈಯಲ್ಲಿ ಇಲ್ಲದಿದ್ದರೆ ತನಿಖೆಗಾರನ ಕೈಯೂ ಬರಿದೇ ಎಂಬುದನ್ನು ಹೇಳುವದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿರುವೆವು.

ಈ ವ್ಯವಸ್ಥೆಯು ನಿನ್ನೆ ಮೊನ್ನೆಯದಲ್ಲ. ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವದಕ್ಕಾಗಿ 1904ರಲ್ಲಿ ಹಿಂದುಸ್ಥಾನಕ್ಕೆಲ್ಲ ಪತ್ತಿನ ಸಹಕಾರಿ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಕಟ್ಟಿ ಕನ್ನಡ ನಾಡಿಗೆ ದಾರಿ ತೋರಿಸಿದರು. ಅಂದು ಗದಗವೂ ನಮ್ಮ ಉತ್ತರ ಕನ್ನಡವೂ ಮುಂಬಯಿ ಇಲಾಖೆಗೇ ಸೇರಿದ್ದವು. ಆ ಕಾಲದ ಗ್ರಾಮಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯನ ಹೊಣೆಗೆ ಮಿತಿಯಿರಲಿಲ್ಲ. ಸಂಘವು ಮುಳುಗಿದರೆ ಸದಸ್ಯನ ಮನೆಮಾರೂ ಅದರೊಡನೆ ಮುಳುಗುವ ಭಯವಿತ್ತು. ಆದುದರಿಂದಲೇ ರಜಿಸ್ಟ್ರಾರರು ಪ್ರತಿಯೊಂದು ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಬೇಕೆಂದು ಆ ಮೊದಲನೆಯ ಕಾಯಿದೆಯಲ್ಲಿಯೇ ಬರೆಯಲಾಯಿತು. ಈಗ ನಮ್ಮ ರಾಜ್ಯದಲ್ಲಿ ನಡೆಯುತ್ತಿರುವ 1959ರ ಸಹಕಾರ ಸಂಘಗಳ ಅಧಿನಿಯಮದಲ್ಲಿಯೂ ವಾರ್ಷಿಕ ತಪಾಸಣೆಯ ಆ ನೇಮವು ಉಳಿದಿರುವದು.

ಅಮೇರಿಕೆಯ ಬೋಸ್ಟನ್ ಪಟ್ಟಣದ ಎಡ್ವರ್ಡ್ ಫೈಲೀನ್ ಎಂಬ ವರ್ತಕನು 1907ರಲ್ಲಿ ಹಿಂದುಸ್ಥಾನಕ್ಕೆ ಬಂದಾಗ ಇಲ್ಲಿಯ ಹಳ್ಳಿಗಳ ಪತ್ತಿನ ಸಂಘಗಳನ್ನು ಕಂಡು ಬೆರಗಾದನು. ತನ್ನ ದೇಶಕ್ಕೆ ಮರಳಿದ ಮೇಲೆ ಅವನು ಅಂಥ ಸಂಘಗಳಿಗಾಗಿ ದುಡಿದನು. 1909ರಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದಲ್ಲಿ ‘ಕ್ರೆಡಿಟ್ ಯೂನಿಯನ್’ಗಳ ಕಾಯಿದೆಯಾಯಿತು. ಬಡವರ ಪತ್ತಿನ ವಿಚಾರದಲ್ಲಿ ನಮ್ಮ ಹಳ್ಳಿಗಳೂ ಲೋಕಕ್ಕೆ ಒಂದು ಪಾಠ ಕೊಟ್ಟಿರುವವು ಎಂಬುದನ್ನು ವಾಚಕರು ಮರೆಯಬಾರದು.

ಇನ್ನು ತನಿಖೆಗಾರನ ಕೆಲಸವನ್ನು ನೋಡುವಾ. ಜಾಣನಾದ ತನಿಖೆಗಾರನು ಬಂದ ಕೂಡಲೆ ಚಹಕ್ಕೆ ಕುಳ್ಳಿರುವದಿಲ್ಲ; ಮೊದಲು ತಿಜೋರಿಯನ್ನು ತೆಗೆಯಿಸಿ ಶಿಲ್ಕನ್ನು ಎಣಿಸುವನು. ಕೀರ್ದಿಯಲ್ಲಿ ಬರೆದ ಶಿಲ್ಕೂ ಪೆಟ್ಟಿಗೆಯಲ್ಲಿರುವ ರೊಕ್ಕವೂ ಒಂದೇ ಆಗಿರಬೇಕು. ಆಮೇಲೆ ಪಾವತಿ ಪುಸ್ತಕದ ಅಂಕೆಗಳನ್ನು ಕೀರ್ದಿಗೂ, ಕೀರ್ದಿಯನ್ನು ಖಾತೆಗೂ ತಾಳೆ ನೋಡುವನು. ಒತ್ತೆಯ ಬಂಗಾರದ ಗಂಟುಗಳನ್ನು ಬಿಚ್ಚಿಸಿ ತೂಗಿಸುವನು. ಸಾಲದ ಕಾಗದಗಳಲ್ಲಿ ಅರ್ಜಿಯಿದೆಯೋ, ಕಮಿಟಿಯ ಠರಾವಿದೆಯೋ, ಜಾಮೀನುದಾರನು ತಾನೇ ಸಹಿ ಮಾಡಿರುವನೋ, ಉಪನಿಯಮದಲ್ಲಿದ್ದಷ್ಟೇ ಬಡ್ಡಿ ಹಾಕಿರುವರೋ ಎಂದು ಪರೀಕ್ಷಿಸುವನು. ಹಳೆಯ ಸಾಲವು ವಸೂಲಾಯಿತೆಂದು ಬರೆದು, ಅದೇ ದಿನ ಅದೇ ಮನುಷ್ಯನ ಹೆಸರಿಗೆ ಅಷ್ಟೇ ಹೊಸ ಸಾಲವನ್ನು ಕೊಟ್ಟಂತೆ ತೋರಿಸುವ ಪುಸ್ತಕದ ಹೊಂದಾಣಿಕೆಯನ್ನು ಅವನು ವಿಶೇಷವಾಗಿ ಹುಡುಕುವನು. ಏಕೆಂದರೆ ಅಲ್ಲಿ ಒಂದು ಕಾಸೂ ಕೈಬದಲಾಗಿರುವದಿಲ್ಲ. ಕೊನೆಗೆ ಸಂಘಕ್ಕೆ ‘ಎ’, ‘ಬಿ’, ‘ಸಿ’, ‘ಡಿ’ ಎಂದು ಒಂದು ವರ್ಗವನ್ನು ಕೊಟ್ಟು ವರದಿ ಬರೆಯುವನು. ಗಂಭೀರವಾದ ದೋಷ ಕಂಡಲ್ಲಿ ಅಧಿನಿಯಮದ 64ನೆಯ ಕಲಮಿನಂತೆ ವಿಚಾರಣೆ ನಡೆಯಬಹುದು. ಸಂಘಕ್ಕೆ ನಷ್ಟ ಮಾಡಿದವರಿಂದ ಅದನ್ನು 69ನೆಯ ಕಲಮಿನಂತೆ ತುಂಬಿಸಿಕೊಳ್ಳಬಹುದು.

ಇಷ್ಟೆಲ್ಲ ಇದ್ದರೂ ಪುಸ್ತಕವು ಪುಸ್ತಕಕ್ಕೆ ಸಾಕ್ಷಿಯಾಗಲಾರದು. ಒಂದೇ ಕೈಯು ಕೀರ್ದಿಯನ್ನೂ ಖಾತೆಯನ್ನೂ ಬರೆದಲ್ಲಿ ಎರಡರಲ್ಲಿಯೂ ಒಂದೇ ಸುಳ್ಳು ಅಂದವಾಗಿ ಕೂಡಬಹುದು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಅಧಿಕಾರಿಗಳು ದ್ರವ್ಯವನ್ನು ಅಪಹರಿಸುವ ನಲವತ್ತು ಉಪಾಯಗಳನ್ನು ಎಣಿಸಿರುವನು. ಅವುಗಳಿಗೆ ಅವನು ಹೇಳಿದ ಪರಿಹಾರಗಳಲ್ಲಿ ಒಂದು ಬಹಳ ಮನನೀಯವಾದುದು: ಇಂಥ ಅಧಿಕಾರಿಯಿಂದ ಯಾರಿಗೆ ಹಾನಿಯಾಗಿದೆಯೋ ಅವರು ಬಂದು ತಿಳಿಸಬೇಕೆಂದು ಪ್ರದೇಶದಲ್ಲೆಲ್ಲ ಸಾರಿಸಬೇಕಂತೆ. ಅಂದರೆ, ಲೆಕ್ಕದ ನಿಜವನ್ನು ಲೆಕ್ಕದ ಹೊರಗಿರುವ ಮನುಷ್ಯನಿಂದಲೇ ತಿಳಿಯಬೇಕೆಂದು ಅರ್ಥ. ಇಂದಿನ ತನಿಖೆಗಾರನು ಸದಸ್ಯರ ಪಾಸ್‌ಪುಸ್ತಕಗಳನ್ನು ತರಿಸಿ ಖಾತೆಯೊಡನೆ ತಾಳೆ ನೋಡುವದೂ ಆ ಸಾರಿಕೆಯ ಇನ್ನೊಂದು ರೂಪವೇ ಸರಿ.

2019ರ ಸಪ್ಟೆಂಬರದಲ್ಲಿ ಮುಂಬಯಿಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಜರ್ವ ಬ್ಯಾಂಕು ನಿರ್ಬಂಧ ಹಾಕಿದಾಗ ಠೇವುದಾರರಿಗೆ ಮೊದಲು ಸಿಕ್ಕಿದ್ದು ತಲೆಗೆ 1,000 ರೂಪಾಯಿ ಮಾತ್ರ. ಒಂದೇ ಕಟ್ಟಡ ವ್ಯಾಪಾರದ ಸಮೂಹಕ್ಕೆ ಕೊಟ್ಟ ಸಾಲವನ್ನು ಮರೆಮಾಡಲು 21,000ಕ್ಕೂ ಮಿಕ್ಕಿ ಸುಳ್ಳು ಖಾತೆಗಳನ್ನು ತೋರಿಸಿದ್ದರೆಂಬ ದೂರು ಪೊಲೀಸರಲ್ಲಿ ದಾಖಲಾಯಿತು. ಖಾತೆಯ ಹಿಂದೆ ಮನುಷ್ಯನೇ ಇಲ್ಲದಿದ್ದರೆ ಪಾಸ್‌ಪುಸ್ತಕ ಹಿಡಿದು ಬರುವವರಾದರೂ ಯಾರು? ಆ ಒಂದು ಪ್ರಶ್ನೆಯನ್ನು ಕೇಳಿದರೆ ಎಷ್ಟು ಅಂದವಾದ ಲೆಕ್ಕವಿದ್ದರೂ ಬಿರುಕು ಬಿಡುವದು.

ನಮ್ಮ ಶಿಕ್ಷಕವೃತ್ತಿಯ ಕಾಲದಲ್ಲಿ ಕಂಡ ಒಂದು ಸಂಗತಿಯನ್ನು ಹೇಳುವೆವು. ಊರಿನ ಹೆಸರು ಬೇಡ. ಒಬ್ಬ ವಿಧವೆಯು ಗಂಡನು ಬಿಟ್ಟುಹೋದ ಹಣವನ್ನು ಸೊಸಾಯಿಟಿಯಲ್ಲಿಟ್ಟು, ‘ನನಗೆ ಓದಲು ಬಾರದು, ನಿಮ್ಮ ಹತ್ತಿರವೇ ಇರಲಿ’ ಎಂದು ಪಾಸ್‌ಪುಸ್ತಕವನ್ನು ಕಾರ್ಯದರ್ಶಿಯ ಮೇಜಿನಲ್ಲಿ ಬಿಟ್ಟಿದ್ದಳು. ಕೆಲವು ವರ್ಷಗಳ ಮೇಲೆ ಮಗಳ ಮದುವೆಗೆಂದು ಕೇಳಲು ಹೋದಾಗ ಖಾತೆಯಲ್ಲಿ ಅರ್ಧವೂ ಇರಲಿಲ್ಲ. ಪಾಸ್‌ಪುಸ್ತಕದಲ್ಲಿಯೂ ಖಾತೆಯಂತೆಯೇ ಬರೆದಿತ್ತು. ಆಕೆಯ ಪುಣ್ಯಕ್ಕೆ, ಹಣ ಕಟ್ಟಿದಾಗಲೆಲ್ಲ ಕೊಟ್ಟ ಪಾವತಿಗಳನ್ನು ಮಾತ್ರ ಎಲೆಯಡಿಕೆಯ ಡಬ್ಬಿಯಲ್ಲಿ ಮಡಚಿಟ್ಟಿದ್ದಳು. ಆ ವರ್ಷ ಬಂದ ತನಿಖೆಗಾರನು ಶಾಲೆಯ ಜಗುಲಿಯಲ್ಲಿ ಕುಳಿತು, ಸುಣ್ಣದ ಕಲೆ ಹತ್ತಿದ ಆ ಚೀಟಿಗಳನ್ನು ಒಂದೊಂದಾಗಿ ಬಿಡಿಸಿ, ನಂಬರು ತಾರೀಖುಗಳನ್ನು ಬರೆದುಕೊಂಡನು. ಸಂಘದ ಪ್ರತಿಗಳಲ್ಲಿ ಆ ನಂಬರುಗಳ ಮುಂದೆ ಬೇರೆ ಅಂಕೆಗಳಿದ್ದವು. ಹಣವು ಪೂರ್ಣವಾಗಿ ಆಕೆಗೆ ಮರಳಿತು. ಆದರೆ ಅದಕ್ಕೆ ಮೂರು ವರ್ಷ ಹಿಡಿದವು, ಮದುವೆಯು ಸಾಲದಿಂದಲೇ ಆಯಿತು. ತನಿಖೆಗಾರನು ಎಷ್ಟು ನಿಪುಣನಾಗಿದ್ದರೂ ಆ ಡಬ್ಬಿಯಿಲ್ಲದೆ ಏನೂ ಮಾಡಲಾರದವನಾಗಿದ್ದನು.

ಹಳ್ಳಿಯ ಸದಸ್ಯನು ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಬ್ಯಾಂಕುಗಳಲ್ಲಿಟ್ಟ ಠೇವಿಗೆ ಒಬ್ಬೊಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿರುವದು. 2020ರ ಫೆಬ್ರುವರಿಯವರೆಗೆ ಅದು 1 ಲಕ್ಷ ಮಾತ್ರವಿತ್ತು. ಪಟ್ಟಣದ ಸಹಕಾರಿ ಬ್ಯಾಂಕಿಗೂ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕಿಗೂ ಆ ವಿಮೆ ಅನ್ವಯಿಸುವದು. ಆದರೆ ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಂಘವು ಕಾಯಿದೆಯ ದೃಷ್ಟಿಯಲ್ಲಿ ಬ್ಯಾಂಕಲ್ಲ. ಅಲ್ಲಿಯ ಠೇವಿಗೆ ಆ ವಿಮೆಯಿಲ್ಲ. ಅಲ್ಲಿ ಹಣ ಇಡಬಾರದೆಂದು ನಾವು ಹೇಳುವದಿಲ್ಲ. ಇಂಥ ಸಂಘಗಳಿಲ್ಲದಿದ್ದರೆ ಎಷ್ಟೋ ತೋಟಗಳು ಸಾಹುಕಾರರ ಪಾಲಾಗುತ್ತಿದ್ದವು. ಆದರೆ ವಿಮೆಯಿಲ್ಲದ ಕಡೆಯಲ್ಲಿ ಎಚ್ಚರವೇ ವಿಮೆಯೆಂದು ತಿಳಿಯಬೇಕು.

ಸಾಲಗಾರನ ರಕ್ಷಣೆಯೂ ತನಿಖೆಗಾರನ ಕರ್ತವ್ಯದೊಳಗಿನದೇ. ಅಂಕೆಗಳು ಕೂಡಿದರೆ ಸಾಲದು. ಸಾಲಗಾರನಿಗೆ ನಿಜವನ್ನು ಹೇಳಿದ್ದರೋ ಇಲ್ಲವೋ ಎಂಬುದನ್ನೂ ನೋಡಬೇಕು. ಅಮೇರಿಕೆಯಲ್ಲಿ ಲೆಕ್ಕಿಗರ ಜೊತೆಗೆ ಕಾಯಿದೆ ಬಲ್ಲ ವಕೀಲರೂ ಸರಕಾರದ ಪರವಾಗಿ ಈ ಪರೀಕ್ಷೆಯಲ್ಲಿ ತೊಡಗುವರು. ಸಾಲದ ಪೂರ್ಣ ವೆಚ್ಚವನ್ನೂ ವಾರ್ಷಿಕ ದರವನ್ನೂ ಮೊದಲೇ ಬರಹದಲ್ಲಿ ತಿಳಿಸಬೇಕೆಂದು ಅಲ್ಲಿ 1968ರಲ್ಲಿ ಕಾಯಿದೆಯಾಯಿತು. ನಮ್ಮಲ್ಲಿಯೂ ರಿಜರ್ವ ಬ್ಯಾಂಕು 2024ರ ಅಕ್ಟೋಬರ 1ರಿಂದ, ಸಹಕಾರಿ ಬ್ಯಾಂಕುಗಳೂ ಸೇರಿ, ಗೃಹಸ್ಥರ ಸಾಲಕ್ಕೆ ಮುಖ್ಯ ಸಂಗತಿಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ವಿಧಿಸಿತು. ಈ ತತ್ತ್ವವು ನಮಗೆ ಹೊಸದಲ್ಲ. ಸಾಲಗಾರನು ಹಣ ಸಲ್ಲಿಸಿದಾಗಲೆಲ್ಲ ಪತ್ರದ ಬೆನ್ನಿಗೆ ಅದನ್ನು ಬರೆಯಬೇಕು, ಇಲ್ಲವೆ ಧನಿಕನು ಸ್ವಹಸ್ತದ ಪಾವತಿ ಕೊಡಬೇಕು, ಋಣ ತೀರಿದರೆ ಪತ್ರವನ್ನು ಹರಿಯಬೇಕು ಎಂದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ವಿಧಿ. ಅದಕ್ಕೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು.

ಸಂಘದೊಡನೆ ತಂಟೆ ಬಂದರೆ 70ನೆಯ ಕಲಮಿನಂತೆ ಸಹಕಾರ ಇಲಾಖೆಯಲ್ಲಿ ದಾವೆ ಹೂಡುವ ದಾರಿಯಿರುವದು. ಗ್ರಾಹಕ ನ್ಯಾಯಾಲಯದ ದಾರಿಯೂ ಮುಚ್ಚಿಲ್ಲ. ತಮಿಳುನಾಡಿನ ತಿರುಮುರುಗನ್ ಕೃಷಿ ಪತ್ತಿನ ಸಂಘದಲ್ಲಿ ಭತ್ತದ ಚೀಲಗಳನ್ನು ಒತ್ತೆಯಿಟ್ಟು ಸಾಲ ಪಡೆದ ಸದಸ್ಯರಿಗೂ ಸಂಘಕ್ಕೂ ವ್ಯಾಜ್ಯ ಬಿದ್ದಾಗ, ಸಹಕಾರ ಕಾಯಿದೆಯಿದ್ದ ಮಾತ್ರಕ್ಕೆ ಗ್ರಾಹಕ ನ್ಯಾಯಾಲಯದ ಅಧಿಕಾರ ಹೋಗುವದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2003ರ ಡಿಸೆಂಬರದಲ್ಲಿ ತೀರ್ಪು ಕೊಟ್ಟಿತು.

‘ಕಾರ್ಯದರ್ಶಿಯು ನಮ್ಮ ಅಳಿಯನ ಅಣ್ಣ, ಅವನ ಮುಂದೆ ಪಾವತಿ ಕೇಳಿದರೆ ಏನು ತಿಳಿದಾನು?’ ಎಂಬ ಸಂಕೋಚವು ನಮ್ಮ ಹಳ್ಳಿಗಳಲ್ಲಿ ದೊಡ್ಡದು. ಇದೇ ಅಂಕೋಲಾ ತಾಲೂಕಿನ ಜನರು 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರು. ಮುಂದೆ ಕರನಿರಾಕರಣೆಯಲ್ಲಿ ಭೂಮಿಕಾಣಿಗಳನ್ನು ಕಳೆದುಕೊಂಡರೂ ಸಾಮ್ರಾಜ್ಯದ ಎದುರು ತಲೆಯೆತ್ತಿ ನಿಂತವರು. ಅಂಥವರ ಮೊಮ್ಮಕ್ಕಳು ತಮ್ಮದೇ ಸಂಘದಲ್ಲಿ ಒಂದು ಚೀಟಿ ಕೇಳಲು ನಾಚಬೇಕೇ? ಪಾವತಿ ಕೇಳುವದು ಅವಿಶ್ವಾಸದ ಚಿಹ್ನೆಯಲ್ಲ. ಪ್ರಾಮಾಣಿಕನಾದ ಕಾರ್ಯದರ್ಶಿಗೆ ಅದೇ ಕವಚ; ಊರವರ ಗುಸುಗುಸು ಮಾತಿನಿಂದ ಅವನನ್ನು ಉಳಿಸುವದೂ ಒಳ್ಳೆಯ ತನಿಖೆಯೇ. ಬಿಗಿಯಾದ ಲೆಕ್ಕದಲ್ಲಿ ನೆಂಟಸ್ತಿಕೆ ಕೆಡುವದಿಲ್ಲ. ಸಡಿಲವಾದ ಲೆಕ್ಕದಲ್ಲಿಯೇ ಅದು ಕೆಡುವದು.

ಆದುದರಿಂದ ಗೃಹಸ್ಥನು ಮಾಡತಕ್ಕದ್ದು ಇಷ್ಟು. ಪಾಸ್‌ಪುಸ್ತಕವನ್ನು ಯಾರ ಮೇಜಿನಲ್ಲಿಯೂ ಬಿಡಬಾರದು. ಹಣ ಕೊಟ್ಟ ಸ್ಥಳದಲ್ಲಿಯೇ ಪಾವತಿ ಪಡೆದು, ಅಂಕೆಯನ್ನು ಅಕ್ಷರದೊಡನೆ ಓದಿ ನೋಡಬೇಕು. ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವಾಗ ಮೊತ್ತವನ್ನು ಕೇಳಿ ತಿಳಿದು ಬರೆದಿಟ್ಟುಕೊಳ್ಳಬೇಕು. 2019ರ ಆಗಸ್ಟಿನಲ್ಲಿ ಗಂಗಾವಳಿಯ ನೆರೆಯನ್ನು ಕಂಡ ನಾವು ಕಾಗದಗಳನ್ನು ಅಟ್ಟದ ಮೇಲೆ, ನೀರು ಹೋಗದ ಡಬ್ಬಿಯಲ್ಲಿಡುವದು ಲೇಸು. ವಾರ್ಷಿಕ ಸಭೆಗೆ ಊಟಕ್ಕೆಂದಷ್ಟೇ ಹೋಗದೆ, ‘ಈ ವರ್ಷ ತಪಾಸಣೆಯಲ್ಲಿ ಯಾವ ವರ್ಗ ಬಂತು? ಯಾವ ದೋಷ ತೋರಿಸಿರುವರು? ಅದನ್ನು ತಿದ್ದಿದಿರೋ?’ ಎಂಬ ಮೂರು ಪ್ರಶ್ನೆಗಳನ್ನಾದರೂ ಕೇಳಬೇಕು. ತನಿಖೆಗಾರನು ಬಂದಿರುವನೆಂದು ಕೇಳಿದೊಡನೆ ಪಾಸ್‌ಪುಸ್ತಕವನ್ನು ಹಿಡಿದು ಹೋಗಬೇಕು.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ತಿಂಗಳಿಗೊಂದು ಸಂಜೆ ಪಾಸ್‌ಪುಸ್ತಕವನ್ನು ಅವರ ಮುಂದಿಟ್ಟು ಬಡ್ಡಿಯ ಲೆಕ್ಕವನ್ನು ಮಾಡಿಸಿರಿ. ಮನೆಯ ಹೆಂಗಸರೂ ಅದನ್ನು ಕೇಳಲಿ. ಪಠ್ಯಪುಸ್ತಕದ ಲೆಕ್ಕದಲ್ಲಿ ಉತ್ತರ ತಪ್ಪಿದರೆ ಒಂದು ಅಂಕ ಹೋಗುವದು. ಈ ಲೆಕ್ಕದಲ್ಲಿ ತಪ್ಪಿದರೆ ಒಂದು ವರ್ಷದ ಅಡಿಕೆ ಹೋಗುವದು. ಸರಕಾರದ ತನಿಖೆಗಾರನು ವರ್ಷಕ್ಕೊಮ್ಮೆ ಬರುವನು. ಉಳಿದ ದಿನಗಳ ತನಿಖೆಗಾರನು ಆ ಪುಸ್ತಕದ ಮೇಲೆ ಯಾರ ಹೆಸರಿದೆಯೋ ಅವನೇ.