ಟ್ಯಾಂಕಿನ ಒಳಮೈಗೆ ಬಿಳಿ ಬಣ್ಣ

ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಯುದ್ಧವಾಹನ, ಅದರ ಒಳಗೆಲ್ಲ ಕುಂಚ ಆಡಿಸುವ ಹವ್ಯಾಸ. ಹೊರಗಿನ ಹಸಿರಿಗಿಂತ ಒಳಗಿನ ಬಿಳಿಯ ಕಥೆಯೇ ದೊಡ್ಡದು.

ಕಡೂರು ಕಡೆಯ ಯಗಟಿ, ಬೀರೂರು, ಅಜ್ಜಂಪುರದ ಸೀಮೆಗೆ ಯುದ್ಧದ ಗಾಡಿ ಹೊಸದಲ್ಲ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡು, ಟಿಪ್ಪು ಕಾಲಕ್ಕೆ ‘ಅಮೃತ ಮಹಲ್’ ಆದ ದನಗಳು ಈ ಕಡೆಯ ಕಾವಲುಗಳಲ್ಲೂ ಮೇದು ಬೆಳೆದವು. ಅವುಗಳ ಮುಖ್ಯ ಕಸುಬು ಸೈನ್ಯದ ಫಿರಂಗಿ ಮತ್ತು ಸಾಮಾನು ಎಳೆಯುವುದು. ಆ ಎತ್ತುಗಳನ್ನು ನಂಬಿ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿದನೆಂದು ಹಳೆಯ ಗೆಜೆಟಿಯರುಗಳು ದಾಖಲಿಸಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಈಗ ಕೃಷ್ಣಮೃಗಗಳಿಗೆ ರಕ್ಷಣೆ ಇದೆ; ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಕೇಂದ್ರ ಉಳಿದಿದೆ.

ಎತ್ತು ಎಳೆದ ಫಿರಂಗಿಗೆ ಒಳಗೆ ಎಂಬ ಜಾಗವೇ ಇರಲಿಲ್ಲ. ಆಳುಗಳು ಅದರ ಪಕ್ಕದಲ್ಲಿ ನಡೆದರು. ಟ್ಯಾಂಕ್ ಬಂದ ಮೇಲೆ ಮನುಷ್ಯ ಕಬ್ಬಿಣದ ಪೆಟ್ಟಿಗೆಯೊಳಗೆ ಹೊಕ್ಕು ಕುಳಿತ. ಮಡಿಕೇರಿಯ ಜನರಲ್ ತಿಮ್ಮಯ್ಯ ಸ್ಮಾರಕದಲ್ಲಿ, ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕದ ಬಳಿ ಸೇವೆಯಿಂದ ನಿವೃತ್ತವಾದ ಟಿ-55 ಟ್ಯಾಂಕ್‌ಗಳನ್ನು ನಿಲ್ಲಿಸಿದ್ದಾರೆ. ಜನ ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಳಗೆ ನಾಲ್ವರು ಹೇಗೆ ಕುಳಿತಿದ್ದರು ಎಂಬುದು ಮಾತ್ರ ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ಆ ಒಳಗನ್ನು ತೆರೆದು ತೋರಿಸುವುದೇ ಸ್ಕೇಲ್ ಮಾಡೆಲ್ ಕಟ್ಟುವವರ ಕಸುಬುಗಾರಿಕೆ.

ಮೋಟಾರಿನ ಜಾಗಕ್ಕೆ ಮನುಷ್ಯ

ಟ್ಯಾಂಕ್ ಮಾಡೆಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:35ರ ಅಳತೆ. ಇದನ್ನು ಯಾರೂ ಲೆಕ್ಕ ಹಾಕಿ ಗೊತ್ತುಮಾಡಿದ್ದಲ್ಲ. ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ ಮೊದಲಿಗೆ ಮರದ ವ್ಯಾಪಾರದ್ದು. 1960ರ ದಶಕದ ಆರಂಭದಲ್ಲಿ ಅದು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ ತಂದಿತು. ಮಕ್ಕಳು ಓಡಿಸುವ ಆಟಿಕೆಯಾದ್ದರಿಂದ ಮೋಟಾರು, ಗೇರು, ಬ್ಯಾಟರಿ ಹಿಡಿಸುವಷ್ಟು ಅಗಲಕ್ಕೆ ಒಡಲನ್ನು ಮಾಡಿದರು. ಆಮೇಲೆ ಅಳೆದಾಗ ಅದು ಅಸಲಿನ ಮೂವತ್ತೈದನೆಯ ಒಂದು ಪಾಲಿನಷ್ಟಿತ್ತು. ಆ ಅಳತೆಯೇ ಜಗತ್ತಿನಲ್ಲೆಲ್ಲ ನಿಂತುಬಿಟ್ಟಿತು.

ಹೀಗಾಗಿ ಬಹಳ ಕಾಲ ಮಾಡೆಲ್ ಟ್ಯಾಂಕಿನ ಒಳಗಿದ್ದದ್ದು ಬ್ಯಾಟರಿ, ಇಲ್ಲವೇ ಖಾಲಿ ಜಾಗ. ಮುಚ್ಚಳ ತೆರೆದು ತೋರಿಸುವ ಆಸೆಯಿದ್ದವರು ಒಳಗಿನ ಸೀಟು, ರೇಡಿಯೊ, ಗುಂಡಿನ ಚರಣಿಗೆಯನ್ನು ಪ್ಲಾಸ್ಟಿಕ್ ಹಾಳೆ ಕತ್ತರಿಸಿ ತಾವೇ ಕಟ್ಟಿಕೊಳ್ಳುತ್ತಿದ್ದರು. ಈಚಿನ ವರ್ಷಗಳಲ್ಲಿ ಉಕ್ರೇನಿನ ಮಿನಿಆರ್ಟ್‌ನಂಥ ಕಂಪನಿಗಳು ಎಂಜಿನ್‌ನಿಂದ ಹಿಡಿದು ಗುಂಡಿನವರೆಗೆ ಒಳಗಿನದೆಲ್ಲವೂ ಇರುವ ಕಿಟ್ ತರುತ್ತಿವೆ. ಟಿ-55 ಕೂಡ ಅದರಲ್ಲಿ ಸೇರಿದೆ. ಒಡಲು ಸುಮಾರು 18 ಸೆಂಟಿಮೀಟರ್ ಉದ್ದ, ಅಗಲ 9ಕ್ಕೆ ತುಸು ಹೆಚ್ಚು. 100 ಮಿಲಿಮೀಟರ್ ಫಿರಂಗಿಯ ಬಾಯಿಯ ಅಗಲ ಇಲ್ಲಿ 3 ಮಿಲಿಮೀಟರ್‌ಗೂ ಕಡಿಮೆ.

ಯಾಕೆ ಬಿಳಿ?

ಟ್ಯಾಂಕಿನ ಒಳಗೆ ಕಿಟಕಿಯಿಲ್ಲ. ಮುಚ್ಚಳ ಹಾಕಿಕೊಂಡರೆ ಪೆರಿಸ್ಕೋಪಿನ ಸೀಳಿನಿಂದ ಬರುವ ಬೆಳಕು, ಒಂದೆರಡು ಸಣ್ಣ ಬಲ್ಬು, ಅಷ್ಟೇ. ಆ ಬೆಳಕು ಗೋಡೆಗೆ ತಾಗಿ ಮರಳಿ ಬರಲಿ ಎಂದು ಹಲವು ದೇಶಗಳ ಸೈನ್ಯಗಳು ಒಳಗೆ ಬಿಳಿ ಅಥವಾ ಅದಕ್ಕೆ ಹತ್ತಿರದ ತಿಳಿ ಬಣ್ಣ ಬಳಿಸಿದವು. ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್‌ಗಳಲ್ಲಿ ಮೇಲ್ಭಾಗಕ್ಕೆ ದಂತದ ಬಣ್ಣ, ತಳಕ್ಕೆ ತುಕ್ಕು ತಡೆಯುವ ಕೆಂಪು ಪ್ರೈಮರ್. ಯುದ್ಧದ ಕೊನೆಗಾಲದಲ್ಲಿ ದಂತದ ಬಣ್ಣಕ್ಕೂ ಕತ್ತರಿ ಬಿದ್ದು, ಕೆಲವು ಗಾಡಿಗಳು ಬರೀ ಪ್ರೈಮರ್‌ನಲ್ಲೇ ರಣರಂಗಕ್ಕೆ ಹೋದವು. ಅಮೆರಿಕದ ಮುಚ್ಚಿದ ಟ್ಯಾಂಕ್‌ಗಳ ಒಳಗೆ ಬಿಳಿ. ಮೇಲೆ ತೆರೆದಿರುವ ಹಾಫ್‌ಟ್ರ್ಯಾಕ್‌ಗಳಲ್ಲಿ ಒಳಗೂ ಹೊರಗಿನದೇ ಹಸಿರು. ತೆರೆದ ಗಾಡಿಯ ಒಳಗೆ ಬಿಳಿ ಬಳಿದರೆ ಮೇಲೆ ಹಾರುವ ವಿಮಾನಕ್ಕೆ ತಾನಾಗಿ ಗುರುತು ಕೊಟ್ಟಂತೆ. ಮುಚ್ಚಳದ ಒಳಮೈಗೆ ಹೊರಗಿನ ಬಣ್ಣವೇ ಇರುತ್ತಿದ್ದದ್ದೂ ಅದೇ ಕಾರಣಕ್ಕೆ. ಹೊಸಬರು ಎಡವುವುದು ಇಲ್ಲೇ: ಒಳಗೆಲ್ಲ ಬಿಳಿ ಬಳಿಯುವ ಭರದಲ್ಲಿ ಮುಚ್ಚಳಕ್ಕೂ ಬಳಿದುಬಿಡುತ್ತಾರೆ.

ಟಿ-55ರಲ್ಲಿ ಚಾಲಕ ಮುಂದೆ ಎಡಕ್ಕೆ, ಗೋಪುರದ ಎಡಭಾಗದಲ್ಲಿ ಗನ್ನರ್, ಅವನ ಬೆನ್ನಿಗೆ ಕಮಾಂಡರ್, ಬಲಗಡೆ ಗುಂಡು ತುಂಬುವವನು. ಬಣ್ಣ ಸವೆಯುವುದು ಈ ಕೂರುವ, ಓಡಾಡುವ ಕ್ರಮದಲ್ಲೇ. ಗುಂಡು ತುಂಬುವವನ ಕಾಲಡಿಯ ನೆಲದಲ್ಲಿ ಎಲ್ಲಕ್ಕಿಂತ ಮೊದಲು ಬಣ್ಣ ಹೋಗಿ ಕಬ್ಬಿಣ ಕಾಣುತ್ತದೆ. ಚಾಲಕನ ಪೆಡಲಿನ ನಡುವೆ ಬೂಟಿನ ಮಣ್ಣು ಕೂಡುತ್ತದೆ. ಯಾರ ಕೈಯೂ ತಾಗದ ಮೂಲೆಯಲ್ಲಿ ಬಣ್ಣ ಹಾಗೇ ಇರುತ್ತದೆ. ಎಲ್ಲ ಕಡೆಗೂ ಒಂದೇ ಸಮ ತುಕ್ಕು ಹಚ್ಚಿದ ಮಾಡೆಲ್ ಹಳೆಯ ಗುಜರಿಯಂತೆ ಕಾಣುತ್ತದೆಯೇ ಹೊರತು ಜನ ಕೆಲಸ ಮಾಡಿದ ಜಾಗದಂತೆ ಕಾಣುವುದಿಲ್ಲ.

ಕುಂಚ ಹಿಡಿದಾಗ

ಕೆಲಸದ ಮೊದಲ ನಿಯಮ: ಒಳಗಿನದು ಮುಗಿಯದೆ ಒಡಲು ಅಂಟಿಸಬೇಡಿ. ಗೋಡೆ, ನೆಲ, ಸೀಟು, ಫಿರಂಗಿಯ ಹಿಂಬದಿ, ಎಂಜಿನ್, ಇವನ್ನು ಬಿಡಿಬಿಡಿಯಾಗಿ ಬಳಿದು ಕೊನೆಗೆ ಕೂಡಿಸಬೇಕು. ಅಂಟು ತಾಗುವ ಜಾಗಕ್ಕೆ ಟೇಪು ಹಚ್ಚಿಕೊಳ್ಳಿ. ಬಣ್ಣದ ಮೇಲೆ ಪ್ಲಾಸ್ಟಿಕ್ ಅಂಟು ನಿಲ್ಲುವುದಿಲ್ಲ.

ಎರಡನೆಯದು, ಬಣ್ಣ ತೆಳುವಾಗಿರಲಿ. ಮಾಡೆಲ್ ಮೇಲಿನ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪದ ಪದರ ಅಸಲಿನ ಲೆಕ್ಕದಲ್ಲಿ ಮೂರೂವರೆ ಮಿಲಿಮೀಟರ್ ಆಗುತ್ತದೆ. ಅಷ್ಟರಲ್ಲಿ ತಿರುಪು, ಬೆಸುಗೆಯ ಗೆರೆ ಎಲ್ಲ ಮುಚ್ಚಿಹೋಗುತ್ತವೆ. ಏರ್‌ಬ್ರಷ್ ಇದ್ದರೆ ಸಲೀಸು, ಇಲ್ಲದಿದ್ದರೆ ಅಕ್ರಿಲಿಕ್ ಬಣ್ಣ ತೆಳ್ಳಗೆ ಮಾಡಿಕೊಂಡು ಒಣಗಿಸುತ್ತ ಮೂರ್ನಾಲ್ಕು ಪದರ ಬಳಿಯಬಹುದು. ಅಪ್ಪಟ ಬಿಳಿ ಬೇಡ. ಇಷ್ಟು ಸಣ್ಣ ವಸ್ತುವಿನ ಮೇಲೆ ಅದು ಕಣ್ಣಿಗೆ ಹೊಡೆಯುತ್ತದೆ. ಒಂದು ಹನಿ ಕಂದು ಅಥವಾ ಹಳದಿ ಬೆರೆಸಿದರೆ ಹದಕ್ಕೆ ಬರುತ್ತದೆ.

ಬಳಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಪದರ. ಅದರ ಮೇಲೆ ಟರ್ಪೆಂಟೈನ್‌ನಲ್ಲಿ ಕರಗಿಸಿದ ಗಾಢ ಕಂದು ಆಯಿಲ್ ಬಣ್ಣವನ್ನು ಸೊನ್ನೆ ನಂಬರಿನ ಬ್ರಷ್ ತುದಿಯಿಂದ ತಿರುಪು, ಸಂದುಗಳಿಗೆ ಮುಟ್ಟಿಸಿದರೆ ತಾನೇ ಹರಿದು ಗೆರೆ ಹಿಡಿಯುತ್ತದೆ. ಬಣ್ಣ ಕಿತ್ತ ಗುರುತಿಗೆ ಸ್ಪಾಂಜಿನ ಚೂರು ಸಾಕು. ಕಬ್ಬಿಣದ ಹೊಳಪಿಗೆ ಪೆನ್ಸಿಲ್ ಸೀಸವನ್ನು ಉಜ್ಜಿದ ಪುಡಿ. ಡಯಲ್‌ಗಳ ಮೇಲೆ ಒಂದೊಂದು ಹನಿ ಹೊಳಪಿನ ವಾರ್ನಿಷ್ ಇಟ್ಟರೆ ಗಾಜು ಕೂತಂತೆ. ನೆಲದ ದೂಳಿಗೆ ದುಬಾರಿ ಪುಡಿ ತರಿಸಬೇಕೆಂದೇನೂ ಇಲ್ಲ; ಹೊಲದ ಒಣ ಮಣ್ಣನ್ನು ಅರೆದು ವಸ್ತ್ರಗಾಳಿತ ಮಾಡಿ ಬಳಸಬಹುದು. ಬರೀ ಕಣ್ಣಿಗೆ ಮರಳು ಕಾಣದಷ್ಟು ನುಣ್ಣಗಿರಬೇಕು, ಇಲ್ಲದಿದ್ದರೆ ಒಂದೊಂದು ಕಣವೂ ಕಲ್ಲುಗುಂಡಿನಷ್ಟು ದೊಡ್ಡದಾಗಿ ಕಾಣುತ್ತದೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ, ಮಕ್ಕಳ ಜೊತೆ ದೊಡ್ಡವರಿರಲಿ.

ಇಷ್ಟೆಲ್ಲ ಮಾಡಿ ಮುಚ್ಚಿದ ಮೇಲೆ ಬಹುಪಾಲು ಕೆಲಸ ಕಾಣಿಸುವುದೇ ಇಲ್ಲ ಎಂಬುದು ಈ ಹವ್ಯಾಸದ ಮೇಲಿನ ಹಳೆಯ ತಕರಾರು. ಅದಕ್ಕೆ ದಾರಿಯಿದೆ: ಗೋಪುರವನ್ನು ಅಂಟಿಸದೆ ಎತ್ತುವಂತೆ ಇಡಬಹುದು, ಪಕ್ಕದ ಗೋಡೆಯ ಒಂದು ಭಾಗವನ್ನು ಕತ್ತರಿಸಿ ತೆರೆದಿಡಬಹುದು. ಶಾಲೆಯ ವಸ್ತುಪ್ರದರ್ಶನಕ್ಕೆ ಕತ್ತರಿಸಿ ತೆರೆದ ಮಾಡೆಲ್ಲೇ ಮೇಲು.

ಹೊರಗಿನ ಬಣ್ಣಕ್ಕೆ ಫೋಟೊ ಬೇಕಾದಷ್ಟಿವೆ. ಅಹಿಲ್ಯಾನಗರದ (ಹಿಂದಿನ ಅಹಮದ್‌ನಗರ) ಅಶ್ವದಳ ಟ್ಯಾಂಕ್ ಮ್ಯೂಸಿಯಂಗೆ ಹೋದರೆ ಹತ್ತಾರು ಟ್ಯಾಂಕ್‌ಗಳನ್ನು ಒಂದೇ ಕಡೆ ನೋಡಬಹುದು. ಒಳಗಿನ ಬಣ್ಣ ಹಾಗಲ್ಲ. ತಯಾರಿಸಿದ ದೇಶ, ಇಸವಿ, ರಿಪೇರಿಗೆ ಹೋದ ಕಾರ್ಖಾನೆಗೆ ತಕ್ಕಂತೆ ಅದು ಬದಲಾಗುತ್ತಿತ್ತು. 1971ರ ಯುದ್ಧದಲ್ಲಿ ಭಾರತದ ಪರವಾಗಿ ಹೋರಾಡಿದ ಟಿ-55ಗಳ ಒಳಗನ್ನು ಕಂಡವರು ಈಗ ಎಪ್ಪತ್ತು ದಾಟಿದವರು. ನಿಮ್ಮ ಊರಿನಲ್ಲಿ, ನೆಂಟರಲ್ಲಿ ಟ್ಯಾಂಕ್ ರೆಜಿಮೆಂಟಿನಲ್ಲಿದ್ದ ಮಾಜಿ ಸೈನಿಕರಿದ್ದರೆ ಹೋಗಿ ಮಾತಾಡಿಸಿ. ಗೋಡೆಯ ಬಣ್ಣ ಯಾವುದು, ನೀರಿನ ಬಾಟಲಿ ಎಲ್ಲಿ ಸಿಕ್ಕಿಸುತ್ತಿದ್ದಿರಿ, ಯಾವ ಹಿಡಿಕೆ ಸವೆದಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಾಡೆಲ್ ಕಟ್ಟುವುದು ಆಮೇಲಾದರೂ ಆದೀತು.