ಹಳೆಯ ಗಾಳಿಬಂದೂಕಿನ ದುರಸ್ತಿ

ತಾಂಬಾ, ಇಂಡಿ ಕಡೆಯ ಜಾತ್ರೆಗಳಲ್ಲಿ ಬಲೂನು ಹೊಡೆಯುವ ಗಾಳಿಬಂದೂಕನ್ನು ತಾವು ಕಂಡಿರಬಹುದು. ಅದರಲ್ಲಿ ಮದ್ದಿಲ್ಲ. ನಳಿಗೆಯನ್ನು ಬಗ್ಗಿಸಿದಾಗ ಅದುಮಿಕೊಂಡ ಸ್ಪ್ರಿಂಗು, ಕುದುರೆ ಎಳೆದೊಡನೆ ಪಿಸ್ಟನ್ನನ್ನು ಮುಂದೂಡುತ್ತದೆ. ಒತ್ತಿದ ಗಾಳಿಯು 4.5 ಮಿಲಿಮೀಟರಿನ ಗುಂಡನ್ನು ಹೊರದೂಡುತ್ತದೆ.

ಹಳೆಯ ಬಂದೂಕು ಬಲಗುಂದಿದರೆ ಸ್ಪ್ರಿಂಗನ್ನೇ ದೂರಬೇಡಿರಿ. ಪಿಸ್ಟನ್ನಿನ ತುದಿಯಲ್ಲಿ, ಸೈಕಲ್ ಪಂಪಿನಲ್ಲಿರುವಂತೆ, ತೊಗಲಿನ ವಾಷರ್ ಇರುತ್ತದೆ. ಅದು ಒಣಗಿದರೆ ಗಾಳಿ ಸೋರುತ್ತದೆ. ತೊಗಲಿಗೆ ಹಚ್ಚುವ ಎಣ್ಣೆಯಲ್ಲಿ ನೆನೆಸಿದರೆ ಮತ್ತೆ ಮೆತ್ತಗಾಗುತ್ತದೆ. ಯಂತ್ರದ ಎಣ್ಣೆ ಮಾತ್ರ ಬೇಡ. ಒತ್ತಿದ ಗಾಳಿಯ ಕಾವಿಗೆ ಅದು ಹೊತ್ತಿ ಸಿಡಿಯಬಹುದು.

ಬಿಚ್ಚುವ ಮೊದಲು ಒಳಗೆ ಗುಂಡಿಲ್ಲವೆಂಬುದನ್ನು ನೋಡಿಕೊಳ್ಳಿರಿ. ಗುಂಡಿಲ್ಲದಿದ್ದರೂ ಬಿಗಿದ ಸ್ಪ್ರಿಂಗು ಚಿಮ್ಮಿ ಗಾಯ ಮಾಡೀತು. ಆ ಕೆಲಸವನ್ನು ನುರಿತವರಿಗೇ ಒಪ್ಪಿಸುವುದು ಲೇಸು. ದುರಸ್ತಿಯಾದ ಮೇಲೂ ಅದನ್ನು ಆಟಿಕೆಯೆಂದು ಮಕ್ಕಳ ಕೈಗೆ ಕೊಡಬೇಡಿರಿ. ಬಂದೂಕನ್ನು ಸರಿಪಡಿಸಬಹುದು, ಹೋದ ಕಣ್ಣನ್ನಲ್ಲ.