ಅಣುಬಾಂಬು ಯುದ್ಧವನ್ನು ನಿಲ್ಲಿಸಿತೆಂಬ ಮಾತು

1945ನೆಯ ಇಸವಿ ಆಗಸ್ಟ್ 15ರ ಮಧ್ಯಾಹ್ನ ಹನ್ನೆರಡು ಗಂಟೆಗೆ ಜಪಾನಿನ ಜನರು ರೇಡಿಯೋಗಳ ಮುಂದೆ ನೆರೆದಿದ್ದರು. ಚಕ್ರವರ್ತಿಗಳು ಮಾತನಾಡುವರೆಂದು ಮೊದಲೇ ಸಾರಲಾಗಿತ್ತು. ಅದುವರೆಗೆ ಸಾಮಾನ್ಯ ಪ್ರಜೆಗಳು ಅವರ ಧ್ವನಿಯನ್ನೇ ಕೇಳಿರಲಿಲ್ಲ. ಹಿಂದಿನ ರಾತ್ರಿ ತಟ್ಟೆಯಲ್ಲಿ ಮುದ್ರಿಸಿಟ್ಟಿದ್ದ ಆ ಭಾಷಣವು ಹಳೆಯ ಆಸ್ಥಾನಭಾಷೆಯಲ್ಲಿದ್ದುದರಿಂದ ಬಹಳ ಮಂದಿಗೆ ಸರಿಯಾಗಿ ಅರ್ಥವಾಗಲಿಲ್ಲ. ನಮ್ಮಲ್ಲಿ ಹಳಗನ್ನಡದಲ್ಲಿ ವಾರ್ತೆ ಓದಿದರೆ ಹೇಗಾದೀತೋ ಹಾಗೆ. ಸೋತೆವೆಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಶತ್ರುವು ಅತಿಕ್ರೂರವಾದ ಹೊಸ ಬಾಂಬೊಂದನ್ನು ಪ್ರಯೋಗಿಸತೊಡಗಿದ್ದಾನೆಂಬ ಮಾತು ಇತ್ತು. ಯುದ್ಧ ನಿಂತಿತು.

ಅಲ್ಲಿಂದ ಒಂದು ವಾಕ್ಯ ಹುಟ್ಟಿತು: ಅಣುಬಾಂಬು ಯುದ್ಧವನ್ನು ನಿಲ್ಲಿಸಿತು, ಆದುದರಿಂದ ಅದನ್ನು ಹಾಕಿದ್ದು ಸರಿ. ವಾಚಕರೇ, ಇದನ್ನು ತಾವೂ ಕೇಳಿರುತ್ತೀರಿ. ನನಗೆ ಹೇಳಿದವನು ಹತ್ತನೆಯ ತರಗತಿಯ ಒಬ್ಬ ಹುಡುಗ. ಅಶ್ವತ್ಥಾಮನ ಕಥೆ ಹೇಳುತ್ತಿದ್ದೆ. “ಅಸ್ತ್ರದಿಂದ ಯುದ್ಧ ನಿಲ್ಲುವುದಾದರೆ ಮೊದಲನೆಯ ದಿನವೇ ಬಿಡಬಹುದಿತ್ತಲ್ಲ ಸಾರ್, ಜಪಾನಿನಲ್ಲಿ ಹಾಗೇ ತಾನೆ ನಿಂತದ್ದು?” ಎಂದ. ತರಗತಿ ನಕ್ಕಿತು. ನಾನು ಗದರಿಸಿ ಕೂರಿಸಿದೆ. ಗದರಿಸಬಾರದಾಗಿತ್ತು. ಆ ವಾಕ್ಯದಲ್ಲಿ ಭಾರವನ್ನೆಲ್ಲ ಹೊತ್ತಿರುವುದು ‘ಆದುದರಿಂದ’ ಎಂಬ ಒಂದು ಪದ. ಅದು ತಾಳುತ್ತದೆಯೇ ಎಂಬುದನ್ನು ನೋಡಬೇಕು.

ಮೊದಲು ಆ ಪಕ್ಷದವರ ಮಾತನ್ನು ನ್ಯಾಯವಾಗಿ ಕೇಳೋಣ. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಒಕಿನಾವಾ ದ್ವೀಪದಲ್ಲಿ ನಡೆದ ಕಾಳಗದಲ್ಲಿ ಹನ್ನೆರಡು ಸಾವಿರಕ್ಕೂ ಮಿಕ್ಕ ಅಮೆರಿಕನ್ನರು ಸತ್ತಿದ್ದರು. ಜಪಾನಿ ಸೈನಿಕರೂ ದ್ವೀಪವಾಸಿಗಳೂ ಅದರ ಹಲವು ಪಾಲು ಸತ್ತಿದ್ದರು. ನವೆಂಬರ್ 1ರಂದು ಕ್ಯೂಶೂ ದ್ವೀಪದಲ್ಲಿ ಸೇನೆ ಇಳಿಸುವ ಯೋಜನೆ ಸಿದ್ಧವಾಗಿತ್ತು. ಇತ್ತ ಚೀನಾದಲ್ಲಿಯೂ ಆಗ್ನೇಯ ಏಷ್ಯಾದಲ್ಲಿಯೂ ಜಪಾನೀ ಸೈನ್ಯದ ಕೈಕೆಳಗೆ ಜನರು ದಿನದಿನವೂ ಸಾಯುತ್ತಿದ್ದರು. ಅದರ ಸೆರೆಶಿಬಿರಗಳಲ್ಲಿ ನಮ್ಮ ಭಾರತೀಯ ಸಿಪಾಯಿಗಳೂ ಇದ್ದರು. ದಂಡೆತ್ತಿ ಹೋಗಿದ್ದರೆ ಅಮೆರಿಕದ ಪಡೆಯಲ್ಲಿಯೇ ಹತ್ತು ಲಕ್ಷಕ್ಕೂ ಮೀರಿ ಸಾವುನೋವು ಆಗಬಹುದೆಂದು ತಮಗೆ ತಿಳಿಸಲಾಗಿತ್ತೆಂದು, ಆಗಿನ ಯುದ್ಧಮಂತ್ರಿ ಹೆನ್ರಿ ಸ್ಟಿಮ್ಸನ್ ಅವರು 1947ರಲ್ಲಿ ಲೇಖನವೊಂದರಲ್ಲಿ ಬರೆದರು. 1945ರಲ್ಲಿ ಸೇನಾಧಿಕಾರಿಗಳು ಮಾಡಿದ್ದ ಅಂದಾಜುಗಳಲ್ಲಿ ಅನೇಕವು ಇದಕ್ಕಿಂತ ಬಹಳ ಕಡಮೆ. ಕಡಮೆಯೆಂದರೂ ಹತ್ತಾರು ಸಾವಿರ ತಾಯಂದಿರ ಮಕ್ಕಳು. ಈ ವಾದವನ್ನು ನಕ್ಕು ತಳ್ಳುವಂತಿಲ್ಲ.

ಆದರೆ ಬಾಂಬೊಂದೇ ಯುದ್ಧವನ್ನು ನಿಲ್ಲಿಸಿತೇ? ಆಗಸ್ಟ್ 6ರಂದು ಹಿರೋಷಿಮಾ ಸುಟ್ಟಿತು. 8ರಂದು ರಷ್ಯವು ಜಪಾನಿನ ಮೇಲೆ ಯುದ್ಧ ಸಾರಿ, 9ರ ಬೆಳಗಾಗುವ ಮುನ್ನವೇ ಮಂಚೂರಿಯದೊಳಕ್ಕೆ ನುಗ್ಗಿತು. ಅದೇ ದಿನ ಹನ್ನೊಂದು ಗಂಟೆಗೆ ನಾಗಸಾಕಿ. ಯಾವ ಪೆಟ್ಟು ಮರವನ್ನು ಕೆಡವಿತೆಂದು ಇತಿಹಾಸಜ್ಞರು ಇಂದಿಗೂ ವಾದಿಸುತ್ತಿದ್ದಾರೆ. ಚಕ್ರವರ್ತಿಗಳು ಆಗಸ್ಟ್ 17ರಂದು ತಮ್ಮ ಸೈನಿಕರಿಗೆ ಹೊರಡಿಸಿದ ಆಜ್ಞೆಯಲ್ಲಿ ರಷ್ಯದ ಪ್ರವೇಶದ ಮಾತಿದೆ, ಬಾಂಬಿನ ಮಾತಿಲ್ಲ.

ಇಲ್ಲಿ ಭಾಷೆಯನ್ನು ಓದಿದವರಿಗೆ ಸ್ವಾರಸ್ಯವಾದ ಸಂಗತಿಯೊಂದಿದೆ. ಜುಲೈ 26ರಂದು ಮಿತ್ರರಾಷ್ಟ್ರಗಳು ಪಾಟ್ಸ್‌ಡ್ಯಾಮಿನಿಂದ ಶರಣಾಗತಿಯ ಕರೆ ಕಳುಹಿಸಿದವು. ಜಪಾನಿನ ಪ್ರಧಾನಿ ಸುಜುಕಿ ಅವರು ಅದಕ್ಕೆ ‘ಮೊಕುಸಾತ್ಸು’ ಎಂಬ ಪದದಿಂದ ಉತ್ತರಿಸಿದರು. ಅಕ್ಷರಶಃ ‘ಮೌನದಿಂದ ಕೊಲ್ಲು’ ಎಂದರ್ಥ. ಸದ್ಯಕ್ಕೆ ಏನೂ ಹೇಳುವುದಿಲ್ಲ ಎಂದೂ ಆಗಬಹುದು, ತಿರಸ್ಕಾರದಿಂದ ಕಡೆಗಣಿಸುತ್ತೇವೆ ಎಂದೂ ಆಗಬಹುದು. ಜಗತ್ತು ಎರಡನೆಯದನ್ನೇ ತೆಗೆದುಕೊಂಡಿತು. ಒಂದು ಪದದಿಂದಲೇ ಊರು ಸುಟ್ಟಿತೆನ್ನುವುದು ಅತಿಶಯೋಕ್ತಿ. ಜಪಾನಿನ ಸೇನಾನಾಯಕರು ಆಗ ಶರಣಾಗಲು ಸಿದ್ಧರಿರಲಿಲ್ಲ. ಆದರೆ ಅವರು ಮುಖ್ಯವಾಗಿ ಕೇಳುತ್ತಿದ್ದುದು ಚಕ್ರವರ್ತಿಪೀಠ ಉಳಿಯುವುದೇ ಎಂಬುದನ್ನು. ಉಳಿಸಬಹುದೆಂಬ ಮಾತು ಸ್ಟಿಮ್ಸನ್ನರ ಕರಡಿನಲ್ಲಿತ್ತು. ಹೊರಟ ಘೋಷಣೆಯಲ್ಲಿ ಅದನ್ನು ತೆಗೆದುಹಾಕಲಾಗಿತ್ತು. ಕಡೆಗೆ ಪೀಠ ಉಳಿದೇ ಉಳಿಯಿತು. 1989ರವರೆಗೆ ಅದೇ ಚಕ್ರವರ್ತಿಗಳೇ ಅದರ ಮೇಲಿದ್ದರು.

ಇರಲಿ. ಬಾಂಬೇ ನಿಲ್ಲಿಸಿತೆಂದು ವಾದಕ್ಕಾಗಿ ಒಪ್ಪೋಣ. ಆಗಲೂ ಉಳಿಯುವ ಪ್ರಶ್ನೆ, ಅದನ್ನು ಯಾರ ಮೇಲೆ ಹಾಕಿದರು ಎಂಬುದು. ಹಿರೋಷಿಮಾದಲ್ಲಿ ಸೇನೆಯ ದೊಡ್ಡ ಕಚೇರಿಯಿತ್ತು, ಸಾವಿರಾರು ಸೈನಿಕರಿದ್ದರು, ಸುಳ್ಳಲ್ಲ. ಆದರೆ ವಿಮಾನದವರು ಗುರಿಯಿಟ್ಟದ್ದು ಊರ ನಡುವಣ ಒಂದು ಸೇತುವೆಗೆ. ಬೆಳಗ್ಗೆ ಎಂಟೂಕಾಲು ಗಂಟೆ. ಬೆಂಕಿ ಹರಡದಂತೆ ಬಯಲು ಮಾಡಲೆಂದು ಮನೆಗಳನ್ನು ಕೆಡಹುವ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಕರೆತಂದಿದ್ದರು, ಎಂಟು ಸಾವಿರಕ್ಕೂ ಹೆಚ್ಚು. ಬಹುಪಾಲು ಹನ್ನೆರಡು ಹದಿಮೂರು ವರ್ಷದವರು, ನಮ್ಮಲ್ಲಿ ಏಳನೆಯ ಎಂಟನೆಯ ತರಗತಿಯಲ್ಲಿ ಕೂರುವವರು. ಅವರಲ್ಲಿ ಸುಮಾರು ಆರು ಸಾವಿರ ಮಕ್ಕಳು ಸತ್ತರು. ಹಾಜರಿ ಪುಸ್ತಕ ಕರೆದು ಕರೆದು ಅಭ್ಯಾಸವಾದ ನನಗೆ ಆ ಸಂಖ್ಯೆ ಹೆಸರುಗಳಾಗಿಯೇ ಕೇಳಿಸುತ್ತದೆ. ಅಲ್ಲಿಯ ಸಂಗ್ರಹಾಲಯದಲ್ಲಿ ಒಬ್ಬ ವಿದ್ಯಾರ್ಥಿಯ ಊಟದ ಡಬ್ಬಿಯನ್ನಿಟ್ಟಿದ್ದಾರೆ. ಒಳಗಿನ ಅನ್ನ ಕರಿಯ ಇದ್ದಿಲಾಗಿದೆ. ತಾಯಿ ಮಗನ ದೇಹವನ್ನು ಗುರುತು ಹಿಡಿದದ್ದು ಆ ಡಬ್ಬಿಯಿಂದ. ವರ್ಷಾಂತ್ಯದ ಹೊತ್ತಿಗೆ ಹಿರೋಷಿಮಾದಲ್ಲಿ ಸತ್ತವರು ಸುಮಾರು 1,40,000. ನಾಗಸಾಕಿಯಲ್ಲಿ ಸುಮಾರು 70,000.

ಶಸ್ತ್ರ ತಯಾರಿಸುವ ಊರಿನವರೆಲ್ಲ ಯೋಧರೇ ಎಂದು ಕೆಲವರು ಹೇಳುವುದುಂಟು. ಭೀಷ್ಮಪರ್ವದ ಮೊದಲಲ್ಲಿ ಎರಡೂ ಕಡೆಯವರು ಸೇರಿ ಮಾಡಿಕೊಂಡ ಕಟ್ಟಳೆಯನ್ನು ತಾವು ಬಲ್ಲಿರಿ. ಬೆನ್ನು ತೋರಿದವನನ್ನು ಹೊಡೆಯಬಾರದು. ಸಾರಥಿಯನ್ನು, ಭಾರ ಎಳೆಯುವ ಪ್ರಾಣಿಯನ್ನು, ಭೇರಿ ಬಾರಿಸುವವನನ್ನು ಹೊಡೆಯಬಾರದು. ಶಸ್ತ್ರಗಳನ್ನು ತಂದುಕೊಡುವವನನ್ನು ಕೂಡ ಹೊಡೆಯಬಾರದು. ಈ ಕೊನೆಯದನ್ನು ನಾವು ಓದುವಾಗ ದಾಟಿಬಿಡುತ್ತೇವೆ. ಕುರುಕ್ಷೇತ್ರದಲ್ಲಿ ಇದನ್ನು ಎಷ್ಟು ಪಾಲಿಸಿದರೆಂಬುದು ಬೇರೆ ಮಾತು. ಮುರಿದಾಗ ಮುರಿದೆವೆಂದು ಎಲ್ಲರಿಗೂ ತಿಳಿದಿತ್ತು. ಅಶ್ವತ್ಥಾಮನು ಅಸ್ತ್ರ ಬಿಟ್ಟದ್ದು ದುರ್ಯೋಧನನ ತೊಡೆ ಮುರಿದ ಮೇಲೆ, ಮಲಗಿದ್ದವರನ್ನು ರಾತ್ರಿ ಕೊಂದ ಮೇಲೆ. ಅರ್ಜುನನು ಬಿಟ್ಟದ್ದನ್ನು ಹಿಂತೆಗೆದನು, ಇವನಿಗೆ ಹಿಂತೆಗೆಯಲು ಬಾರದು. ಎಲ್ಲಿಯಾದರೂ ಬೀಳಲೇಬೇಕಾದ ಆ ಅಸ್ತ್ರ ಉತ್ತರೆಯ ಗರ್ಭಕ್ಕೆ ಹೋಯಿತು.

ಹೆಚ್ಚು ಜನ ಬದುಕುವುದಕ್ಕಾಗಿ ಕಡಮೆ ಜನರನ್ನು ಕೊಲ್ಲಬಹುದೆಂಬ ಲೆಕ್ಕದಲ್ಲಿ ನನಗೆ ಒಪ್ಪದಿರುವುದು ಇಷ್ಟು. ಕಾಳಗದಲ್ಲಿ ಕೋಟೆಗೆ ಹೊಡೆದಾಗ ಪಕ್ಕದ ಮನೆ ಸುಡುವುದುಂಟು; ಹೊಡೆದವನು ಅದನ್ನು ಬಯಸಿರಲಿಲ್ಲ. ಇಲ್ಲಿ ಹಾಗಲ್ಲ. ಒಂದು ಇಡೀ ಊರು ಕ್ಷಣದಲ್ಲಿ ಇಲ್ಲವಾಗುವ ದೃಶ್ಯದಿಂದ ಟೋಕಿಯೋದ ಮಂತ್ರಿಗಳು ಹೆದರಬೇಕಾಗಿತ್ತು. ಹೆದರಿಕೆ ಹುಟ್ಟಬೇಕಾದರೆ ಊರು ಸುಡಲೇಬೇಕು. ಆ ಮಕ್ಕಳ ಸಾವು ನಡುವೆ ಬಂದ ಆಕಸ್ಮಿಕವಲ್ಲ, ಅದೇ ಸಾಧನವಾಯಿತು. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಟ್ರೂಮನ್ ಅವರಿಗೆ ಗೌರವ ಪದವಿ ಕೊಡಹೊರಟಾಗ ಎಲಿಜಬೆತ್ ಆನ್ಸ್‌ಕೂಂ ಎಂಬ ತತ್ತ್ವಶಾಸ್ತ್ರದ ವಿದುಷಿ ಇದೇ ಮಾತನ್ನೆತ್ತಿ ವಿರೋಧಿಸಿದರು. ಪದವಿಯನ್ನು ಕೊಟ್ಟರೆನ್ನಿ. ಸಾಧಾರಣ ಬಾಂಬುಗಳಿಂದಲೇ 1945ರ ಮಾರ್ಚ್ 9ರ ರಾತ್ರಿ ಟೋಕಿಯೋದಲ್ಲಿ ಸುಮಾರು ಲಕ್ಷ ಜನರನ್ನು ಸುಡಲಿಲ್ಲವೇ ಎಂದು ಕೇಳಬಹುದು. ಸುಟ್ಟರು. ಗೆರೆಯನ್ನು ಆಗಲೇ ದಾಟಿದ್ದರೆಂದು ಅದರಿಂದ ತಿಳಿಯುತ್ತದೆ, ಗೆರೆ ಇರಲಿಲ್ಲವೆಂದಲ್ಲ.

ಬೇರೆ ದಾರಿಯನ್ನು ಯಾರೂ ಹೇಳಲಿಲ್ಲವೆಂದೂ ಅಲ್ಲ. ಬಾಂಬಿನ ಕೆಲಸದಲ್ಲಿದ್ದ ಷಿಕಾಗೋದ ವಿಜ್ಞಾನಿಗಳೇ ಜೇಮ್ಸ್ ಫ್ರಾಂಕ್ ಅವರ ನೇತೃತ್ವದಲ್ಲಿ 1945ರ ಜೂನ್‌ನಲ್ಲಿ ವರದಿ ಬರೆದು, ಮೊದಲು ಮರುಭೂಮಿಯಲ್ಲೋ ಬಂಜರು ದ್ವೀಪದಲ್ಲೋ ಎಲ್ಲ ರಾಷ್ಟ್ರಗಳ ಕಣ್ಣೆದುರಿಗೆ ಅದನ್ನು ಸಿಡಿಸಿ ತೋರಿಸಿರೆಂದರು. ತೋರಿಸಿದ್ದು ಸಿಡಿಯದೆ ಹೋದರೆ ಏನು ಗತಿಯೆಂಬ ಅಂಜಿಕೆಯಿತ್ತು. ಆ ಸಲಹೆ ಬಿದ್ದುಹೋಯಿತು.

ನಾಗಸಾಕಿಯ ವಿಷಯದಲ್ಲಿ ಇಷ್ಟು ಆಲೋಚನೆಯೂ ನಡೆಯಲಿಲ್ಲ. ಜುಲೈ 25ರ ಅಪ್ಪಣೆಯಲ್ಲಿಯೇ, ಮುಂದಿನ ಬಾಂಬುಗಳು ಸಿದ್ಧವಾದಂತೆಲ್ಲ ಹಾಕಿರೆಂದಿತ್ತು. ಹೊಸ ಅಪ್ಪಣೆ ಬೇಕಾಗಿರಲಿಲ್ಲ. ವಿಮಾನ ಹೊರಟದ್ದು ಕೊಕುರಾ ಎಂಬ ಊರಿಗೆ. ಅಲ್ಲಿ ಹೊಗೆ ಮೋಡ ಕವಿದು ಗುರಿ ಕಾಣದೆ ನಾಗಸಾಕಿಗೆ ತಿರುಗಿತು. ಮರುದಿನ, 10ರಂದು, ಟ್ರೂಮನ್ ಅವರು ತಮ್ಮ ಅಪ್ಪಣೆಯಿಲ್ಲದೆ ಮತ್ತೊಂದನ್ನು ಹಾಕಕೂಡದೆಂದರು. ಇನ್ನೂ ಲಕ್ಷ ಜನರನ್ನು, ಆ ಮಕ್ಕಳನ್ನೆಲ್ಲ, ಕೊಲ್ಲುವ ಯೋಚನೆ ತಮಗೆ ಸಹಿಸದೆಂದು ಅವರು ಮಂತ್ರಿಮಂಡಲದಲ್ಲಿ ಹೇಳಿದರೆಂದು ಸಚಿವ ಹೆನ್ರಿ ವ್ಯಾಲೆಸರ ದಿನಚರಿಯಲ್ಲಿದೆ. ಆ ಹುಡುಗನನ್ನು ಮರುವಾರ ಎಬ್ಬಿಸಿ ನಿಲ್ಲಿಸಿ ಇದನ್ನು ಹೇಳಿದೆ. ಅವನು ಏನೂ ಹೇಳದೆ ಕುಳಿತ.

1955ರಲ್ಲಿ, ಬಾಂಬಿನಿಂದ ನೊಂದ ಐವರು ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. ಅಮೆರಿಕದಿಂದ ಪರಿಹಾರ ಕೇಳುವ ಹಕ್ಕನ್ನು ಸರ್ಕಾರವು 1951ರ ಶಾಂತಿ ಒಪ್ಪಂದದಲ್ಲಿ ಬಿಟ್ಟುಕೊಟ್ಟಿತ್ತು. 1963ರ ಡಿಸೆಂಬರ್ 7ರಂದು ತೀರ್ಪಾಯಿತು. ಎರಡೂ ಊರುಗಳ ಮೇಲೆ ಬಾಂಬು ಹಾಕಿದ್ದು ಆ ಕಾಲದ ಅಂತಾರಾಷ್ಟ್ರೀಯ ಕಾನೂನಿಗೇ ವಿರುದ್ಧವಾಗಿತ್ತೆಂದು ನ್ಯಾಯಾಲಯ ಹೇಳಿತು. ಆದರೆ ವ್ಯಕ್ತಿಗಳಿಗೆ ಆ ಕಾನೂನಿನಂತೆ ಪರಿಹಾರ ಕೇಳುವ ಹಕ್ಕಿಲ್ಲವೆಂದು ದಾವೆಯನ್ನು ವಜಾ ಮಾಡಿತು. ನೊಂದವರಿಗೆ ನೆರವಾಗುವ ಕೆಲಸ ಶಾಸನಸಭೆಯದು, ಮಂತ್ರಿಮಂಡಲದ್ದು ಎಂದು ನ್ಯಾಯಾಧೀಶರು ಬರೆದರು.